ಪ್ರತಿಭಾ ಪುರಸ್ಕಾರದ ಮರುದಿನ



ಪ್ರತಿ ವರ್ಷದಂತೆ ಈ ವರ್ಷವೂ ನಮ್ಮ ಸಂಘದ ಪ್ರತಿಭಾ ಪುರಸ್ಕಾರ ಸಮಾರಂಭ ಸಾಂಗವಾಗಿ ನೆರವೇರಿತು. ಶೇಕಡಾ 85ಕ್ಕಿಂತ ಹೆಚ್ಚು ಅಂಕ ಗಳಿಸಿದ ಮೂವತ್ತೇಳು ಮಕ್ಕಳಿಗೆ ಶಾಲು, ಫಲಕ, ಒಂದೊಂದು ಪುಸ್ತಕ. ನಾಡಗೀತೆ, ಸ್ವಾಗತ, ಅತಿಥಿಗಳ ಹಿತವಚನ, ವಂದನಾರ್ಪಣೆ, ಉಪ್ಪಿಟ್ಟು, ಕೇಸರಿಬಾತು. ಕಾರ್ಯಕಾರಿ ಸಮಿತಿಯ ಸದಸ್ಯನಾಗಿ ಹನ್ನೊಂದು ವರ್ಷ ಈ ಸಮಾರಂಭದ ವೇದಿಕೆಯ ಮೇಲೆ ಕುಳಿತಿದ್ದೇನೆ. ಅಂಕಪಟ್ಟಿಗಳನ್ನು ಪರಿಶೀಲಿಸಿ, ಶೇಕಡಾ 84.6 ಬಂದ ಮಗುವಿನ ಅರ್ಜಿಯನ್ನು ನಿಯಮಾನುಸಾರ ಬದಿಗಿಟ್ಟವನೂ ನಾನೇ. ಸರ್ಕಾರಿ ನೌಕರಿಯಲ್ಲಿ ಮೂವತ್ತು ವರ್ಷ ಕಳೆದವನಿಗೆ ನಿಯಮವೆಂದರೆ ಒಂದು ಬಗೆಯ ನೆಮ್ಮದಿ.

ಈ ಸಲ ಆ ನೆಮ್ಮದಿ ಕದಡಿತು. ಸಭಿಕರೆಲ್ಲ ಊಟದ ಕಡೆ ಸರಿದ ಮೇಲೆ, ಸಭಾಂಗಣದ ಹಿಂಭಾಗದಲ್ಲಿ ಒಬ್ಬ ಹುಡುಗಿ ಪ್ಲಾಸ್ಟಿಕ್ ಕುರ್ಚಿಗಳನ್ನು ಜೋಡಿಸುತ್ತಿದ್ದಳು. ಅವಳ ತಾಯಿ ಅಂದು ನಮ್ಮ ಅಡಿಗೆಯವರಿಗೆ ನೆರವಾಗಲು ಬಂದಿದ್ದವರು. ತಂದೆ ನಗರದ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ಯುವವರು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಲು ಹೇಳಿದ್ದರೆ, ಈ ಹುಡುಗಿ ಅವುಗಳನ್ನು ಚೌಕವಾಗಿ ಇಡುತ್ತಿದ್ದಳು. ಮೊದಲು ಒಂದು ಕುರ್ಚಿ. ಅದರ ಎರಡು ಬದಿಗೆ ಮತ್ತು ಮೂಲೆಗೆ ಸೇರಿ ಮೂರು. ಅದರ ಸುತ್ತ ಐದು. ಮತ್ತೆ ಏಳು. ಗದರಲೆಂದು ಹೋದ ನನ್ನನ್ನೇ ಅವಳು ಕೇಳಿದಳು: “ಪ್ರತಿ ಸಲ ಎರಡು ಕುರ್ಚಿ ಹೆಚ್ಚಿಗೆ ಬೇಕಾಗ್ತದೆ, ಆದ್ರೆ ಚೌಕ ಮಾತ್ರ ಚೌಕವಾಗಿಯೇ ಉಳೀತದೆ. ನೂರು ಸಲ ಮಾಡಿದ್ರೂ ಹೀಗೇ ಆಗ್ತದಾ? ಆಗ್ತದೆ ಅಂತ ಕುರ್ಚಿ ಇಡದೇ ಹೇಳುವುದು ಹೇಗೆ?”

ಬೆಸಸಂಖ್ಯೆಗಳನ್ನು ಒಂದರಿಂದ ಮೊದಲ್ಗೊಂಡು ಅನುಕ್ರಮವಾಗಿ ಕೂಡುತ್ತ ಹೋದರೆ ವರ್ಗಸಂಖ್ಯೆಗಳು ದೊರೆಯುತ್ತವೆಂಬುದು ಪ್ರಾಚೀನರಿಗೆ ತಿಳಿದಿದ್ದ ಸಂಗತಿ. ಅದನ್ನು ಆ ಮಗು ತಾನಾಗಿ ಕಂಡುಕೊಂಡದ್ದು ದೊಡ್ಡದೇ. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಅದಲ್ಲ, ಕೊನೆಯ ಪ್ರಶ್ನೆ. ಕುರ್ಚಿ ಇಡದೆ ಹೇಳುವುದು ಹೇಗೆ ಎಂಬಲ್ಲಿಂದಲೇ ಗಣಿತ ಶುರುವಾಗುತ್ತದೆ. ಏಳನೆಯ ತರಗತಿಯ ಈ ಹುಡುಗಿಯ ಒಟ್ಟು ಅಂಕ ಶೇಕಡಾ 58. ಎರಡು ವರ್ಷಗಳ ಹಿಂದಿನವರೆಗೆ ಊರಿನ ಕನ್ನಡ ಶಾಲೆಯಲ್ಲಿದ್ದವಳು ಈಗ ಬಾಡಿಗೆ ಕಟ್ಟಡವೊಂದರ ಇಂಗ್ಲಿಷ್ ಶಾಲೆಯಲ್ಲಿದ್ದಾಳೆ. ತೆಲುಗು, ಹಿಂದಿಗಳನ್ನು ಹೊಸದಾಗಿ ಕಲಿಯುತ್ತಿದ್ದಾಳೆ. ತಾಯಿ ಕೈ ಒರೆಸಿಕೊಳ್ಳುತ್ತ ಬಂದು, “ಇವಳಿಗೆ ಏನಾದರೂ ಬೇರೆ ಓದಿಸಬೇಕು ಅಂತ ಒಬ್ಬ ಟೀಚರು ಹೇಳಿದರು. ಏನು ಓದಿಸುವುದು, ಎಲ್ಲಿಗೆ ಕಳಿಸುವುದು ಸಾರ್?” ಎಂದರು. ಮೂವತ್ತೇಳು ಫಲಕ ಹಂಚಿದ ಸಂಘದ ಪರವಾಗಿ ನನ್ನ ಬಳಿ ಉತ್ತರವಿರಲಿಲ್ಲ. ಈ ಸಂಪಾದಕೀಯ ಆ ಉತ್ತರವನ್ನು ಹುಡುಕುವ ಯತ್ನ.

ಅಂಕಕ್ಕೂ ಪ್ರತಿಭೆಗೂ ಸಂಬಂಧವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಫಲಕ ಪಡೆದ ಮಕ್ಕಳ ಶ್ರಮ ನಿಜವಾದದ್ದು. ಆದರೆ ಒಂದೇ ಅಳತೆಗೋಲನ್ನು ಹಿಡಿದವರು ಏನನ್ನು ಕಳೆದುಕೊಳ್ಳುತ್ತಾರೆಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ 1921ರಲ್ಲಿ ಬುದ್ಧಿಮಾಪನ ಪರೀಕ್ಷೆಯ ಮೂಲಕ ಸುಮಾರು 1,500 ಅಸಾಧಾರಣ ಮಕ್ಕಳನ್ನು ಆರಿಸಿ ಅವರ ಬದುಕನ್ನು ದಶಕಗಳ ಕಾಲ ಗಮನಿಸುವ ಅಧ್ಯಯನವನ್ನು ಆರಂಭಿಸಿದ. ಅವನ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಹೊರಗುಳಿದ ಮಕ್ಕಳಲ್ಲಿ ಇಬ್ಬರು, ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್, ಮುಂದೆ 1956 ಮತ್ತು 1968ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದರು. 1978ರಲ್ಲಿ ಜೋಸೆಫ್ ರೆಂಜುಲಿ ಎಂಬ ಶಿಕ್ಷಣತಜ್ಞ ಪ್ರತಿಭೆಯನ್ನು ಮೂರು ವರ್ತುಲಗಳ ಸಂಗಮವೆಂದು ಬಣ್ಣಿಸಿದ: ಸಾಮಾನ್ಯಕ್ಕಿಂತ ಮಿಗಿಲಾದ ಸಾಮರ್ಥ್ಯ, ಸೃಜನಶೀಲತೆ, ಹಿಡಿದ ಕೆಲಸವನ್ನು ಬಿಡದ ನಿಷ್ಠೆ. ನಮ್ಮ ಅಂಕಪಟ್ಟಿ ಈ ಮೂರರಲ್ಲಿ ಎಷ್ಟನ್ನು ಅಳೆಯುತ್ತದೆ? ಇಂಗ್ಲಿಷ್ ಮತ್ತು ತೆಲುಗಿನಲ್ಲಿ ಬಿದ್ದ ಪೆಟ್ಟು ಗಣಿತದಲ್ಲಿದ್ದ ಬೆಳಕನ್ನು ಹೇಗೆ ಮುಚ್ಚುತ್ತದೆಂಬುದನ್ನು ಶೇಕಡಾ 58 ಎಂಬ ಅಂಕಿ ಹೇಳುವುದಿಲ್ಲ.

ಇನ್ನೊಂದು ಮಾತು ಹೇಳದೆ ಮುಂದೆ ಸಾಗಿದರೆ ಅಪ್ರಾಮಾಣಿಕನಾಗುತ್ತೇನೆ. ನನ್ನ ಮಗ ಐದನೆಯ ವಯಸ್ಸಿನಲ್ಲಿ ರೈಲ್ವೆ ವೇಳಾಪಟ್ಟಿಯನ್ನು ಕಥೆಪುಸ್ತಕದಂತೆ ಓದುತ್ತಿದ್ದ. ಎರಡು ಗಾಡಿಗಳು ಎಲ್ಲಿ ಸಂಧಿಸುತ್ತವೆಂದು ತಾನೇ ಲೆಕ್ಕ ಹಾಕಿ ಹೇಳುತ್ತಿದ್ದ. ವರ್ಗಾವಣೆಯ ಮೇಲೆ ವರ್ಗಾವಣೆಯಾಗುತ್ತಿದ್ದ ದಿನಗಳವು. ಒಂದು ಶಾಲೆಯಲ್ಲಿ ಅವನನ್ನು ಚಂಚಲನೆಂದರು, ಮತ್ತೊಂದರಲ್ಲಿ ಅಧಿಕಪ್ರಸಂಗಿಯೆಂದರು. ಹೈದರಾಬಾದಿಗೆ ಬಂದ ವರ್ಷ, ಆರನೆಯ ತರಗತಿಯಲ್ಲಿ, ಎಲ್ಲರೂ ಮಾಡುವಂತೆ ನಾನೂ ಅವನನ್ನು ಐಐಟಿ ಬುನಾದಿ ತರಗತಿಗೆ ಸೇರಿಸಿದೆ. ಬೆಳಗಿನ ಆರರಿಂದ ರಾತ್ರಿ ಎಂಟರವರೆಗೆ ಅವನ ದಿನ ತುಂಬಿತು. ಹತ್ತನೆಯ ತರಗತಿಯ ಹೊತ್ತಿಗೆ ಅವನು ಒಳ್ಳೆಯ ಅಂಕ ಪಡೆದ, ಸಂಘದ ಫಲಕವನ್ನೂ ಪಡೆದ; ಪ್ರಶ್ನೆ ಕೇಳುವುದನ್ನು ಮಾತ್ರ ಬಿಟ್ಟಿದ್ದ. ಈಗ ಅವನು ಒಳ್ಳೆಯ ಕೆಲಸದಲ್ಲಿದ್ದಾನೆ, ದೂರುವುದೇನಿಲ್ಲ. ಆದರೆ ರೈಲ್ವೆ ವೇಳಾಪಟ್ಟಿ ಓದುತ್ತಿದ್ದ ಆ ಹುಡುಗನನ್ನು ಯಾವ ವರ್ಷ ಕಳೆದುಕೊಂಡೆನೆಂದು ನನಗೆ ನಿಖರವಾಗಿ ತಿಳಿಯದು. ಅವನನ್ನು ಅಲ್ಲಿಗೆ ಸೇರಿಸಿದವನು ನಾನು. ಈ ತಪ್ಪು ಬೇರೆ ಯಾರದ್ದೂ ಅಲ್ಲ.

ಈ ನಗರದಲ್ಲಿ ಪ್ರತಿಭೆ ಎಂಬ ಪದ ಪ್ರವೇಶ ಪರೀಕ್ಷೆ ಎಂಬ ಪದದೊಡನೆ ಬೆರೆತುಹೋಗಿದೆ. ನಲ್ಲಕುಂಟದಲ್ಲಿ ಚುಕ್ಕಾ ರಾಮಯ್ಯನವರು ಐಐಟಿ ಆಕಾಂಕ್ಷಿಗಳಿಗೆ ಪಾಠ ಹೇಳುತ್ತಿದ್ದ ಕಾಲದಲ್ಲಿ, ಅವರ ತರಗತಿಯ ಪ್ರವೇಶ ಪರೀಕ್ಷೆಗೇ ಮಕ್ಕಳನ್ನು ಸಿದ್ಧಪಡಿಸುವ ತರಗತಿಗಳು ಹುಟ್ಟಿಕೊಂಡವು. ಆ ಮೇಷ್ಟರ ನಿಷ್ಠೆಯನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ನೆರಳಿಗೂ ನೆರಳು ಬೆಳೆಯುವ ಈ ಪರಿ ಇಂದು ಊರೆಲ್ಲ ವ್ಯಾಪಿಸಿದೆ. ‘ಟೆಕ್ನೋ’, ‘ಒಲಿಂಪಿಯಾಡ್’ ಎಂಬ ನಾಮಫಲಕಗಳಿಲ್ಲದ ಬೀದಿಯನ್ನು ಹುಡುಕಬೇಕಾಗಿದೆ. ಅಲ್ಲಿ ದೊರೆಯುವುದು ವೇಗ; ಆ ಹುಡುಗಿಗೆ ಬೇಕಾದದ್ದು ವಿರಾಮ ಮತ್ತು ಜತೆಗೊಬ್ಬ ತಿಳಿದವರು.

ಹಾಗಾದರೆ ಸರ್ಕಾರ ಏನು ಮಾಡಿದೆ? ನಾನು ಸರ್ಕಾರದ ಅನ್ನ ಉಂಡವನು. ಅದರ ಒಳ್ಳೆಯ ಕೆಲಸವನ್ನು ಮೊದಲು ಹೇಳುವುದು ನ್ಯಾಯ. ನಮ್ಮಿಂದ ಕೆಲವೇ ಗಂಟೆಗಳ ಹಾದಿಯ ಸರ್ವೇಲ್ ಗ್ರಾಮದಲ್ಲಿ, ಪಿ. ವಿ. ನರಸಿಂಹರಾಯರು ಆಂಧ್ರಪ್ರದೇಶದ ಮುಖ್ಯಮಂತ್ರಿಯಾಗಿದ್ದಾಗ, 1971ರಲ್ಲಿ ಗ್ರಾಮೀಣ ಬಡ ಪ್ರತಿಭಾವಂತರಿಗಾಗಿ ವಸತಿ ಶಾಲೆ ಆರಂಭವಾಯಿತು. ಅದೇ ಆಲೋಚನೆ, ಅವರು ಕೇಂದ್ರದಲ್ಲಿ ಮಾನವ ಸಂಪನ್ಮೂಲ ಸಚಿವರಾಗಿದ್ದಾಗ, ನವೋದಯ ವಿದ್ಯಾಲಯಗಳ ರೂಪ ತಾಳಿತು. ಝಜ್ಜರ್ ಮತ್ತು ಅಮರಾವತಿಗಳಲ್ಲಿ ಎರಡು ಶಾಲೆಗಳಿಂದ ಶುರುವಾದದ್ದು ಇಂದು ದೇಶದಲ್ಲಿ 650ಕ್ಕೂ ಹೆಚ್ಚಾಗಿವೆ. ಅಲ್ಲಿಯ ಆಯ್ಕೆ ಪರೀಕ್ಷೆಯನ್ನು ಪ್ರಾದೇಶಿಕ ಭಾಷೆಗಳಲ್ಲಿಯೂ ಬರೆಯಬಹುದು. ಮುಕ್ಕಾಲು ಪಾಲು ಸ್ಥಾನಗಳು ಗ್ರಾಮೀಣ ಮಕ್ಕಳಿಗೆ ಮೀಸಲು.

ಆದರೆ ಏಣಿಯ ಕೆಲವು ಮೆಟ್ಟಿಲುಗಳು ಈಚೆಗೆ ಕಳಚಿವೆ. 1963ರಲ್ಲಿ ದಿಲ್ಲಿಯಲ್ಲಿ ಕೇವಲ 10 ವಿದ್ಯಾರ್ಥಿವೇತನಗಳಿಂದ ಆರಂಭವಾಗಿ ದೇಶವ್ಯಾಪಿಯಾದ ರಾಷ್ಟ್ರೀಯ ಪ್ರತಿಭಾನ್ವೇಷಣೆ ಯೋಜನೆಗೆ 2021ರ ಮಾರ್ಚ್ 31ರವರೆಗೆ ಮಾತ್ರ ಅನುಮೋದನೆಯಿತ್ತು. ಆ ಬಳಿಕ ಅದನ್ನು ತಡೆಹಿಡಿಯಲಾಯಿತು. 1999ರಲ್ಲಿ ಆರಂಭವಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಡೆಸುತ್ತಿದ್ದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯ ಪರೀಕ್ಷೆ 2022ರಲ್ಲಿ ನಿಂತಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವಿಶೇಷ ಪ್ರತಿಭೆಯ ಮಕ್ಕಳ ಬಗ್ಗೆ ಒಳ್ಳೆಯ ಮಾತುಗಳನ್ನಾಡಿದೆ: ಶಾಲೆ, ಶಾಲಾ ಸಂಕೀರ್ಣ, ಜಿಲ್ಲೆಗಳ ಮಟ್ಟದಲ್ಲಿ ವಿಷಯಾಧಾರಿತ ಕೂಟಗಳು, ಅಂಥ ಮಕ್ಕಳನ್ನು ಗುರುತಿಸುವ ಶಿಕ್ಷಕರ ತರಬೇತಿ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಅನಿತಾ ಕುರುಪ್ ಅವರ ನೇತೃತ್ವದಲ್ಲಿ ಈ ವಿಷಯದ ಮೇಲೆ ಗಂಭೀರ ಕೆಲಸ ನಡೆದಿದೆ. ಪುಣೆಯ ಜ್ಞಾನ ಪ್ರಬೋಧಿನಿಯಂತೂ 1962ರಿಂದ, ಸರ್ಕಾರಕ್ಕೆ ಕಾಯದೆ, ಈ ಕಾರ್ಯದಲ್ಲಿ ತೊಡಗಿದೆ. ಆದರೆ ನೀತಿಯ ವಾಕ್ಯ ಬಾಡಿಗೆ ಕಟ್ಟಡದ ಶಾಲೆಗೆ ಇಳಿದು ಬರುವಷ್ಟರಲ್ಲಿ ಈ ಹುಡುಗಿ ಶಾಲೆ ಮುಗಿಸಿರುತ್ತಾಳೆ.

ಉಳಿದ ಮೆಟ್ಟಿಲುಗಳಾವುವು? ಪೋಷಕರ ಅನುಕೂಲಕ್ಕೆ ಹೇಳುತ್ತೇನೆ. ಎಂಟನೆಯ ತರಗತಿಯಲ್ಲಿ ಬರೆಯುವ ರಾಷ್ಟ್ರೀಯ ಆದಾಯ ಮತ್ತು ಅರ್ಹತೆ ಆಧಾರಿತ ವಿದ್ಯಾರ್ಥಿವೇತನ ಪರೀಕ್ಷೆಯಲ್ಲಿ ಆಯ್ಕೆಯಾದರೆ, ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಪೋಷಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಆದರೆ ಇದು ಸರ್ಕಾರಿ, ಅನುದಾನಿತ ಹಾಗೂ ಸ್ಥಳೀಯ ಸಂಸ್ಥೆಗಳ ಶಾಲೆಗಳ ಮಕ್ಕಳಿಗೆ ಮಾತ್ರ. ಹೊಟ್ಟೆ ಬಟ್ಟೆ ಕಟ್ಟಿ ಮಗಳನ್ನು ಸಣ್ಣ ಖಾಸಗಿ ಇಂಗ್ಲಿಷ್ ಶಾಲೆಗೆ ಸೇರಿಸಿದ ದೋಸೆಯವರಿಗೆ, ಆ ತ್ಯಾಗವೇ ಈ ಬಾಗಿಲನ್ನು ಮುಚ್ಚಿತೆಂಬುದು ಗೊತ್ತಿರಲಿಲ್ಲ. ನವೋದಯಕ್ಕೆ ಆರನೆಯ ತರಗತಿಯಲ್ಲಿ ತಪ್ಪಿದವರು ಒಂಬತ್ತನೆಯ ತರಗತಿಯ ಖಾಲಿ ಸ್ಥಾನಗಳಿಗೆ ಪರೀಕ್ಷೆ ಬರೆಯಬಹುದು. ‘ಇನ್‌ಸ್ಪೈರ್ ಮಾನಕ್’ ಯೋಜನೆಯಲ್ಲಿ ಮಗುವಿನ ಸ್ವಂತ ಆಲೋಚನೆಯನ್ನು ಶಾಲೆ ಕಳಿಸಿ, ಅದು ಆಯ್ಕೆಯಾದರೆ ಮಾದರಿ ತಯಾರಿಕೆಗೆ 10,000 ರೂಪಾಯಿ ಬರುತ್ತದೆ. ಒಲಿಂಪಿಯಾಡ್ ಎಂಬ ಹೆಸರಿನ ಅನೇಕ ಖಾಸಗಿ ಪರೀಕ್ಷೆಗಳಿವೆ; ಆದರೆ ದೇಶದ ತಂಡಕ್ಕೆ ಒಯ್ಯುವ ಹಾದಿ ಒಂದೇ: ಗಣಿತ ಶಿಕ್ಷಕರ ಸಂಘ ನಡೆಸುವ ಮೊದಲ ಹಂತದ ಪರೀಕ್ಷೆ, ಅಲ್ಲಿಂದ ಪ್ರಾದೇಶಿಕ, ರಾಷ್ಟ್ರೀಯ ಹಂತಗಳು, ಕೊನೆಗೆ ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಶಿಬಿರ. ಈ ಹಾದಿಯನ್ನು ಸಮೆಸಿದವರಲ್ಲಿ ಬೆಂಗಳೂರಿನ ಸಿ. ಆರ್. ಪ್ರಾಣೇಶಾಚಾರ್ ಮತ್ತು ಬಿ. ಜೆ. ವೆಂಕಟಾಚಲ ಅವರಿದ್ದಾರೆಂಬುದು ನಾವು ಹೆಮ್ಮೆಯಿಂದ ನೆನೆಯಬೇಕಾದ ಮಾತು.

ಈ ಪಟ್ಟಿಯನ್ನು ಓದಿದ ತಾಯಿಗೆ ಏನನಿಸೀತು? ಪ್ರತಿಯೊಂದಕ್ಕೂ ಒಂದು ಅರ್ಜಿ, ಒಂದು ಪ್ರಮಾಣಪತ್ರ, ಒಂದು ಕೊನೆಯ ದಿನಾಂಕ. ಅರ್ಜಿ ತುಂಬುವುದನ್ನೇ ವೃತ್ತಿಯಾಗಿಸಿಕೊಂಡ ನಮ್ಮಂಥವರು ಈ ಸಂಘದಲ್ಲಿ ನೂರಾರು ಮಂದಿ ಇದ್ದೇವೆ. ನಮಗೆ ಇದು ಅರ್ಧ ಗಂಟೆಯ ಕೆಲಸ. ಆಕೆಗೆ ಅದು ದಾಟಲಾಗದ ಹೊಳೆ.

ಇಲ್ಲಿ ನನಗೆ ಹಳೆಯ ಮದರಾಸು ಪ್ರಾಂತದ ಇಬ್ಬರು ಅಧಿಕಾರಿಗಳು ನೆನಪಾಗುತ್ತಾರೆ. ವಿ. ರಾಮಸ್ವಾಮಿ ಅಯ್ಯರ್ ಡೆಪ್ಯುಟಿ ಕಲೆಕ್ಟರು. 1907ರಲ್ಲಿ ಭಾರತೀಯ ಗಣಿತ ಸಂಘವನ್ನು ಹುಟ್ಟುಹಾಕಿದವರು. ಪರೀಕ್ಷೆಯಲ್ಲಿ ಫೇಲಾದ ಯುವಕನೊಬ್ಬ ಗುಮಾಸ್ತೆಯ ಕೆಲಸ ಕೇಳಿಕೊಂಡು ಅವರಲ್ಲಿಗೆ ಬಂದ. ಅವನ ಟಿಪ್ಪಣಿ ಪುಸ್ತಕವನ್ನು ನೋಡಿದ ಅಯ್ಯರ್, ಇಂಥವನನ್ನು ಕಂದಾಯ ಇಲಾಖೆಯ ಕೆಳಮೆಟ್ಟಿಲಿನಲ್ಲಿ ಹೂಳಲು ಮನಸ್ಸಾಗದೆ, ಪರಿಚಯಪತ್ರಗಳನ್ನು ಕೊಟ್ಟು ಕಳಿಸಿದರು. ಆ ಯುವಕ ಕೊನೆಗೆ ತಲುಪಿದ್ದು ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾವ್ ಅವರನ್ನು. ಅವರು ತಿಂಗಳಿಗೆ 25 ರೂಪಾಯಿ ಕಳಿಸುತ್ತ ಬಂದರು. ಸಂಘದ ಪತ್ರಿಕೆ 1911ರಲ್ಲಿ ಅವನ ಪ್ರಶ್ನೆಗಳನ್ನೂ ಲೇಖನವನ್ನೂ ಪ್ರಕಟಿಸಿತು. ಆತ ಶ್ರೀನಿವಾಸ ರಾಮಾನುಜನ್. ಕೇಂಬ್ರಿಜ್ಜೂ ಹಾರ್ಡಿಯೂ ಬಂದದ್ದು ಆಮೇಲೆ. ಅದಕ್ಕೆ ಮೊದಲು ಇದ್ದದ್ದು ಇಬ್ಬರು ಸರ್ಕಾರಿ ನೌಕರರು, ಒಂದು ಸಂಘ, ಒಂದು ಪತ್ರಿಕೆ. ಈ ಮೂರೂ ನಮ್ಮಲ್ಲಿ ಇವೆ.

ಪತ್ರಿಕೆಯೊಂದು ಏನು ಮಾಡಬಲ್ಲುದೆಂಬುದಕ್ಕೆ ಹಂಗೇರಿಯ ಉದಾಹರಣೆಯಿದೆ. ಗ್ಯೋರ್ ಎಂಬ ಊರಿನ ಪ್ರೌಢಶಾಲಾ ಶಿಕ್ಷಕ ಡ್ಯಾನಿಯೆಲ್ ಅರಾನಿ 1894ರಲ್ಲಿ ಶಾಲಾ ಮಕ್ಕಳಿಗಾಗಿ ಒಂದು ಗಣಿತ ಮಾಸಿಕವನ್ನು ಆರಂಭಿಸಿದ. ಅದರಲ್ಲಿ ಸಮಸ್ಯೆಗಳಿರುತ್ತಿದ್ದವು, ಮಕ್ಕಳು ಅಂಚೆಯಲ್ಲಿ ಉತ್ತರ ಕಳಿಸುತ್ತಿದ್ದರು, ಒಳ್ಳೆಯ ಉತ್ತರಗಳು ಹೆಸರಿನೊಡನೆ ಅಚ್ಚಾಗುತ್ತಿದ್ದವು. ಹಾಗೆ ಉತ್ತರ ಕಳಿಸಿದ ಹುಡುಗರಲ್ಲಿ ಪಾಲ್ ಏರ್ಡಿಶ್ ಒಬ್ಬ. ಕನ್ನಡದಲ್ಲೇನು ಇಂಥ ಪರಂಪರೆ ಇಲ್ಲವೆ? ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 1918ರಲ್ಲಿಯೇ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದರು. ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಸಂಪುಟಗಳನ್ನು ಒಬ್ಬರೇ ರಚಿಸಿದರು.

ನಮ್ಮವರದೇ ಎರಡು ಬಾಳುಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಗೌರಿಬಿದನೂರಿನ ಬಳಿಯ ಹೊಸೂರಿನ ಬಡ ಹುಡುಗನೊಬ್ಬ ಮೇಷ್ಟರೊಬ್ಬರ ಭರವಸೆಯ ಮಾತನ್ನೇ ನಂಬಿ ಓದಲೆಂದು ಬೆಂಗಳೂರಿಗೆ ನಡೆದೇ ಬಂದ. ಆತ ಮುಂದೆ ಭೌತವಿಜ್ಞಾನಿ, ಕುಲಪತಿ ಎಚ್. ನರಸಿಂಹಯ್ಯನವರಾದರು. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಸ್ಥಾಪಿಸಿ ತಾವು ಪಡೆದುದನ್ನು ಹಿಂತಿರುಗಿಸಿದರು. ಬೆಂಗಳೂರಿನಲ್ಲೇ 1929ರಲ್ಲಿ ಹುಟ್ಟಿದ ಶಕುಂತಲಾ ದೇವಿಯವರ ತಂದೆ ಸರ್ಕಸ್ ಕಲಾವಿದರು. ಮಗಳ ಅಸಾಧಾರಣ ಲೆಕ್ಕಶಕ್ತಿ ವೇದಿಕೆಯೇರಿತು. ಕ್ರಮಬದ್ಧ ಶಾಲಾ ಶಿಕ್ಷಣ ಮಾತ್ರ ದೊರೆಯಲಿಲ್ಲ. 1980ರ ಜೂನ್ 18ರಂದು ಲಂಡನ್ನಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿ ಅವರು ಜಗತ್ತನ್ನು ಬೆರಗುಗೊಳಿಸಿದರು. ಅವರ ಸಾಧನೆಗೆ ತಲೆಬಾಗುತ್ತಲೇ ಕೇಳುತ್ತೇನೆ: ಆ ಮಗುವಿಗೆ ಚಪ್ಪಾಳೆಯ ಜತೆಗೆ ಒಬ್ಬ ಗುರುವೂ ದೊರಕಿದ್ದರೆ? ಪ್ರತಿಭೆಯನ್ನು ಪ್ರದರ್ಶಿಸುವುದು ಬೇರೆ, ಪೋಷಿಸುವುದು ಬೇರೆ. ನಮ್ಮ ಸಂಘ ಈವರೆಗೆ ಮಾಡಿದ್ದು ಮೊದಲನೆಯದನ್ನು.

ಸಮಿತಿಯ ಸಭೆಯಲ್ಲಿ ಈ ವಿಷಯ ಎತ್ತಿದಾಗ ಎರಡು ಆಕ್ಷೇಪಗಳು ಬಂದವು. ಒಂದು: ಬುದ್ಧಿವಂತ ಮಕ್ಕಳು ಹೇಗೂ ಮೇಲೆ ಬರುತ್ತಾರೆ, ಹಿಂದುಳಿದವರಿಗೆ ನೆರವಾಗುವುದು ನ್ಯಾಯ. ಈ ಮಾತನ್ನು ನಾನು ಗೌರವಿಸುತ್ತೇನೆ. ಆದರೆ ಹೇಗೂ ಮೇಲೆ ಬರುವವರು ಮನೆಯಲ್ಲಿ ಪುಸ್ತಕವಿದ್ದ, ಅಪ್ಪನಿಗೆ ಪರಿಚಯವಿದ್ದ ಮಕ್ಕಳು. ಉಳಿದವರು ಮೇಲೆ ಬಾರದಿದ್ದಾಗ ಅವರು ಬುದ್ಧಿವಂತರಾಗಿದ್ದರೆಂಬುದೇ ಯಾರಿಗೂ ತಿಳಿಯುವುದಿಲ್ಲ; ಆದ್ದರಿಂದ ಆ ಗಾದೆ ಎಂದೂ ಸುಳ್ಳಾಗುವುದಿಲ್ಲ. ಎರಡನೆಯದು: ಕನ್ನಡ ಸಂಘದ ಕೆಲಸ ಕನ್ನಡ, ಗಣಿತ ವಿಜ್ಞಾನಗಳು ನಮಗೇಕೆ? ಇದಕ್ಕೆ ಆ ಹುಡುಗಿಯೇ ಉತ್ತರ. ಇಂಗ್ಲಿಷಿನಲ್ಲಿ ಅವಳು ಪಾಠ ಒಪ್ಪಿಸುತ್ತಾಳೆ, ತೆಲುಗಿನಲ್ಲಿ ತರಕಾರಿ ಕೊಳ್ಳುತ್ತಾಳೆ, ನೆರೆಯವರೊಡನೆ ದಖ್ಖನಿಯಲ್ಲಿ ಜಗಳವಾಡುತ್ತಾಳೆ. ಆದರೆ ‘ಏಕೆ’ ಎಂದು ಕೇಳುವುದು ಕನ್ನಡದಲ್ಲಿ. ತರಗತಿಯಲ್ಲಿ ಅವಳು ಮೌನಿಯೆಂದು ತಾಯಿ ಹೇಳಿದರು. ಈ ಮಹಾನಗರದಲ್ಲಿ ಆ ಪ್ರಶ್ನೆ ಹೊರಡಬಹುದಾದ ಜಾಗ ನಮ್ಮ ಸಭಾಂಗಣ ಒಂದೇ ಆಗಿತ್ತು. ಕಾಚಿಗೂಡದಲ್ಲಿ ನೃಪತುಂಗನ ಹೆಸರಿನಲ್ಲಿ ಶಾಲೆ ಕಟ್ಟಿದ ಹಿರಿಯರಿಗೆ ಕನ್ನಡವೆಂದರೆ ಉತ್ಸವವಷ್ಟೇ ಆಗಿರಲಿಲ್ಲ, ಮಕ್ಕಳ ಕಲಿಕೆಯಾಗಿತ್ತು.

ಆದ್ದರಿಂದ ಸಮಿತಿಯ ಒಪ್ಪಿಗೆಯೊಡನೆ ಕೆಲವು ಸಣ್ಣ ಕೆಲಸಗಳನ್ನು ಆರಂಭಿಸಿದ್ದೇವೆ. ಫಲಕಗಳ ಖರ್ಚಿನ ಅರ್ಧವನ್ನು ಪುಸ್ತಕಗಳಿಗೂ ಪರೀಕ್ಷಾ ಶುಲ್ಕಕ್ಕೂ ತೆಗೆದಿರಿಸಿದೆ. ಪುರಸ್ಕಾರದ ಅರ್ಜಿಯಲ್ಲಿ ಅಂಕದ ಜತೆಗೆ, ಮಗು ತಾನಾಗಿ ಮಾಡಿದ ಯಾವುದಾದರೂ ಕೆಲಸವನ್ನು ಶಿಕ್ಷಕರೋ ಪೋಷಕರೋ ವಿವರಿಸುವ ಒಂದು ಪುಟ ಸೇರಿದೆ. ಪ್ರತಿ ಭಾನುವಾರ ಬೆಳಿಗ್ಗೆ ಎರಡು ಗಂಟೆ ಸಂಘದ ವಾಚನಾಲಯ ಮಕ್ಕಳದು. ಅಲ್ಲಿ ಪಾಠವಿಲ್ಲ, ಪರೀಕ್ಷೆಯಿಲ್ಲ, ಪ್ರಶ್ನೆಗೆ ಕಿವಿಗೊಡುವ ಹಿರಿಯರೊಬ್ಬರು ಇರುತ್ತಾರೆ. ಹಬ್ಸಿಗುಡ, ತಾರ್ನಾಕ, ಬಾಲಾನಗರಗಳ ಕೇಂದ್ರ ಪ್ರಯೋಗಾಲಯಗಳಲ್ಲಿ ಕೆಲಸ ಮಾಡುತ್ತಿರುವ, ನಿವೃತ್ತರಾಗಿರುವ ಕನ್ನಡಿಗರೆ, ನಿಮ್ಮ ತಿಂಗಳ ಒಂದು ಭಾನುವಾರವನ್ನು ನಾವು ಬೇಡುತ್ತಿದ್ದೇವೆ. ಅರ್ಜಿಗಳ ವಿಷಯಕ್ಕೆ ನಾನಿದ್ದೇನೆ.

ಈ ಸಂಚಿಕೆಯಿಂದ ಪತ್ರಿಕೆಯ ಕೊನೆಯ ಪುಟ ಮಕ್ಕಳ ಸಮಸ್ಯೆಗಳಿಗೆ ಮೀಸಲು. ಮೊದಲ ಸಮಸ್ಯೆ ಆ ಹುಡುಗಿಯದು: 1, 3, 5, 7 ಎಂದು ಕುರ್ಚಿಗಳನ್ನು ಸೇರಿಸುತ್ತ ಹೋದರೆ ಯಾವಾಗಲೂ ಚೌಕವೇ ಆಗುತ್ತದೆಂದು ಕುರ್ಚಿ ಇಡದೆ ತೋರಿಸಿ. ಉತ್ತರ ಕನ್ನಡದಲ್ಲಿರಲಿ. ಕನ್ನಡದಲ್ಲಿ ಬರೆಯಲು ಬಾರದ ಮಕ್ಕಳು ಹೇಳಲಿ, ತಂದೆತಾಯಿಗಳು ಬರೆದುಕೊಳ್ಳಲಿ.

ಕೊನೆಯದಾಗಿ ಒಂದು ನಿಜವನ್ನು ಹೇಳಬೇಕು. ಆ ಹುಡುಗಿ ಮೊದಲ ಎರಡು ಭಾನುವಾರ ಬಂದಳು. ಮೂರನೆಯ ವಾರ ಬರಲಿಲ್ಲ. ತಾಯಿಗೆ ಭಾನುವಾರ ಬೆಳಿಗ್ಗೆ ಅಡಿಗೆಯ ಕೆಲಸವಿದೆ, ತಂದೆಗೆ ಹೋಟೆಲಿನಲ್ಲಿ ಅದೇ ಬಿಡುವಿಲ್ಲದ ಹೊತ್ತು. ಎರಡು ಬಸ್ಸು ಬದಲಿಸಿ ಒಬ್ಬಳನ್ನೇ ಕಳಿಸಲು ಅವರಿಗೆ ಧೈರ್ಯವಿಲ್ಲ. ನಮ್ಮ ಯೋಜನೆಗಳೆಲ್ಲ ಈಗ ಈ ಎರಡು ಬಸ್ಸುಗಳ ನಡುವೆ ನಿಂತಿವೆ. ಕಳೆದ ವಾರ ನಾನು ಹೋಗಿ ಕರೆತಂದೆ. ಆದರೆ ಕಚೇರಿಯ ಪ್ರವಾಸವಿದ್ದ ವಾರಗಳಲ್ಲಿ ಸಾಧ್ಯವಾಗದು. ದಿಲ್‌ಸುಖ್‌ನಗರದ ಕಡೆಯಿಂದ ಭಾನುವಾರ ಬೆಳಿಗ್ಗೆ ಸಂಘಕ್ಕೆ ಬರುವ ಕುಟುಂಬ ಯಾವುದಾದರೂ ಇದ್ದರೆ, ದಯವಿಟ್ಟು ಕಾರ್ಯಾಲಯಕ್ಕೆ ತಿಳಿಸಿ.

— ಸಂಪಾದಕ